"ಆಸೆಯೇ ದುಃಖಕ್ಕೆ ಮೂಲ" ಅಂದರೆ ಮಗಳು ಡಾಕ್ಟರ್ ಆಗುವ ಆಸೆಯೂ ತಪ್ಪಾ?

ಹೊಲಿಗೆಮನೆ:

ಎಲ್ಲರಿಗೂ ನಮಸ್ಕಾರ. ನಾನು ಶ್ರೀರಾಂಪುರದಲ್ಲಿ ಮನೆಯಲ್ಲೇ ಬ್ಲೌಸ್, ಚೂಡಿದಾರ ಹೊಲಿದುಕೊಡುತ್ತೇನೆ. ಮಗಳು ಎಂಟನೇ ಕ್ಲಾಸು. ಮೊನ್ನೆ ಅವಳ ಶಾಲೆಯಲ್ಲಿ ಬುದ್ಧನ ಪಾಠ ಆಯಿತಂತೆ. ನೋಟ್‌ಬುಕ್ಕಿನಲ್ಲಿ "ಆಸೆಯೇ ದುಃಖಕ್ಕೆ ಮೂಲ" ಅಂತ ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ರಾತ್ರಿ ನಾನು ಒಂದು ಸೀರೆಗೆ ಫಾಲ್ಸ್ ಹಾಕುತ್ತಾ ಕೂತಿದ್ದಾಗ ಪಕ್ಕಕ್ಕೆ ಬಂದು ಕೇಳಿದಳು, "ಅಮ್ಮಾ, ನಾನು ಡಾಕ್ಟರ್ ಆಗಬೇಕು ಅಂದುಕೊಂಡಿದ್ದೀನಲ್ಲ, ಅದೂ ಆಸೆ ತಾನೆ? ಅದನ್ನೂ ಬಿಡಬೇಕಾ?"

ನನಗೆ ಉತ್ತರ ಗೊತ್ತಾಗಲಿಲ್ಲ. ಈ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ, ಗೋಡೆ ಮೇಲೆ ಓದಿದ್ದೇನೆ, ಕ್ಯಾಲೆಂಡರ್‌ನಲ್ಲಿ ನೋಡಿದ್ದೇನೆ, ಆದರೆ ಒಂದು ದಿನವೂ ನಿಂತು ಯೋಚನೆ ಮಾಡಿಲ್ಲ. ಆಸೆ ಇಲ್ಲದೆ ಮನೆ ಬಾಡಿಗೆ ಕಟ್ಟೋದು ಹೇಗೆ, ಮಕ್ಕಳನ್ನು ಓದಿಸೋದು ಹೇಗೆ? ಬುದ್ಧ ನಿಜವಾಗಿಯೂ ಹೇಳಿದ್ದು ಏನು? ಬದುಕೆಲ್ಲ ಬರೀ ದುಃಖ ಅಂತಾನಾ? ಪುಸ್ತಕದ ಭಾಷೆ ಬೇಡ, ಮನೆಯಲ್ಲಿ ಕೂತು ಹೇಳಿದ ಹಾಗೆ ಹೇಳಿ. ಅವಳಿಗೆ ಸುಳ್ಳು ಸಮಾಧಾನ ಹೇಳಲು ನನಗೆ ಇಷ್ಟ ಇಲ್ಲ.

ಅರಳಿಮರ:

ಅಕ್ಕಾ, ಮೊದಲು ನಿಮ್ಮ ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಇದೇ ಪ್ರಶ್ನೆಯನ್ನು ಬುದ್ಧರ ಕಾಲದಲ್ಲೇ ಒಬ್ಬರು ಕೇಳಿದ್ದರು. ಆ ಕತೆಗೆ ಆಮೇಲೆ ಬರುತ್ತೇನೆ.

ತೊಡಕು ಇರುವುದು "ಆಸೆ" ಅನ್ನುವ ಪದದಲ್ಲೇ. ಬುದ್ಧರ ಮಾತುಗಳು ಉಳಿದಿರುವುದು ಪಾಲಿ ಭಾಷೆಯಲ್ಲಿ. ಅಲ್ಲಿ ಇರುವ ಪದ "ತಣ್ಹಾ". ಸಂಸ್ಕೃತದಲ್ಲಿ ತೃಷ್ಣೆ. ಅಂದರೆ ಬಾಯಾರಿಕೆ, ದಾಹ. ನಮ್ಮ ಕನ್ನಡದ ಆಸೆ ತುಂಬಾ ಅಗಲ. ಮಳೆ ಬಂದಾಗ ಬಜ್ಜಿ ತಿನ್ನೋ ಆಸೆಯೂ ಅದರಲ್ಲೇ ಬಂತು, ಮಗಳನ್ನು ಓದಿಸುವ ಆಸೆಯೂ ಅದರಲ್ಲೇ ಬಂತು. ತಣ್ಹಾ ಅಷ್ಟು ಅಗಲ ಇಲ್ಲ. ಕುಡಿದಷ್ಟೂ ಆರದ ದಾಹ ಅದು. ಸುಖ ಸಿಗುತ್ತಲೇ ಇರಬೇಕು ಅನ್ನೋದು ಒಂದು ಬಗೆ. ನಾನು ಹೀಗೆ ಆಗಲೇಬೇಕು, ಹೀಗೇ ಇರಬೇಕು ಅನ್ನೋದು ಇನ್ನೊಂದು. ಇದು ನನ್ನ ಕಣ್ಣೆದುರಿಂದ ತೊಲಗಿಬಿಡಬೇಕು ಅನ್ನೋದು ಮೂರನೆಯದು. ಮೂರರಲ್ಲೂ ಮನಸ್ಸು ಮುಷ್ಟಿ ಕಟ್ಟಿಕೊಂಡು ಕೂತಿರುತ್ತದೆ.

ಒಂದು ಕೆಲಸ ಮಾಡಬೇಕು ಅಂತ ಮನಸ್ಸು ಏಳುತ್ತದಲ್ಲ, ಅದಕ್ಕೆ ಪಾಲಿಯಲ್ಲಿ ಬೇರೆ ಪದವೇ ಇದೆ, "ಛಂದ". ಅದು ಕೆಟ್ಟದ್ದರ ಕಡೆಗೂ ತಿರುಗಬಹುದು, ಒಳ್ಳೆಯದರ ಕಡೆಗೂ ತಿರುಗಬಹುದು. ಆದರೆ ಸರಿಯಾದ ಪ್ರಯತ್ನ ಅಂದರೆ ಏನು ಅಂತ ವಿವರಿಸುವಾಗ ಬುದ್ಧರೇ ಛಂದವನ್ನು ಹುಟ್ಟಿಸಿಕೊಳ್ಳಬೇಕು ಅನ್ನುತ್ತಾರೆ. ಅಂದಮೇಲೆ ಬೇಕು ಅನ್ನುವುದೆಲ್ಲ ತಪ್ಪು ಆಗೋಕೆ ಸಾಧ್ಯವೇ ಇಲ್ಲ, ಅಲ್ವಾ?

ಈಗ ಆ ಕತೆ. ಕೋಸಂಬಿ ಪಟ್ಟಣದ ಘೋಷಿತಾರಾಮ ಅನ್ನುವ ತೋಟದಲ್ಲಿ ಉಣ್ಣಾಭ ಅನ್ನುವ ಬ್ರಾಹ್ಮಣ ಬುದ್ಧರ ಶಿಷ್ಯ ಆನಂದನ ಹತ್ತಿರ ಬಂದು, ನೀವೆಲ್ಲ ಯಾಕೆ ಈ ದಾರಿ ಹಿಡಿದಿದ್ದೀರಿ ಅಂತ ಕೇಳುತ್ತಾನೆ. ಛಂದ ಹೋಗಲಾಡಿಸಿಕೊಳ್ಳಲು ಅನ್ನುತ್ತಾನೆ ಆನಂದ. ದಾರಿ ಯಾವುದು ಅಂದರೆ, ಅದರಲ್ಲೂ ಛಂದ ಬೇಕು ಅನ್ನುತ್ತಾನೆ. ಉಣ್ಣಾಭ ಹಿಡಿದುಕೊಂಡುಬಿಡುತ್ತಾನೆ. ಆಸೆಯಿಂದ ಆಸೆ ಕಳೆಯೋದು ಅಂದರೆ ಇದಕ್ಕೆ ಕೊನೆಯೇ ಇಲ್ಲವಲ್ಲ! ಆಗ ಆನಂದ ಕೇಳುತ್ತಾನೆ, ಈ ತೋಟಕ್ಕೆ ಬರಬೇಕು ಅಂತ ನಿನಗೆ ಮನಸ್ಸಾಗಿತ್ತಾ? ಹೌದು. ಬಂದಮೇಲೆ ಆ ಮನಸ್ಸು ಏನಾಯಿತು? ತಣ್ಣಗಾಯಿತು. ಅಷ್ಟೇ.

ನಾವು ಲಾಲ್‌ಬಾಗಿಗೆ ಹೋಗಬೇಕು ಅಂದುಕೊಂಡು ಬಸ್ ಹತ್ತುತ್ತೇವೆ, ಇಳಿದು ಗೇಟು ದಾಟಿದ ಮೇಲೆ "ಲಾಲ್‌ಬಾಗಿಗೆ ಹೋಗಬೇಕು" ಅನ್ನೋದು ತಾನಾಗಿ ಮುಗಿಯುತ್ತದೆ. ಮಗಳ ಡಾಕ್ಟರ್ ಆಸೆಯೂ ಹಾಗೆ ಇರಬಹುದು. ತಲುಪಿಸುವ ಆಸೆ. ಡಾಕ್ಟರ್ ಆಗದಿದ್ದರೆ ನಾನು ಯಾರೂ ಅಲ್ಲ, ಪಕ್ಕದ ಮನೆಯವಳಿಗಿಂತ ಜಾಸ್ತಿ ಮಾರ್ಕ್ಸ್ ಬರದಿದ್ದರೆ ಬದುಕೇ ಬೇಡ ಅನ್ನುವ ಕಡೆ ಅದು ಹೊರಳಿದರೆ ಅದೇ ತಣ್ಹಾ ಆಗುತ್ತದೆ. ಗುರಿ ಒಂದೇ, ಹಿಡಿದುಕೊಂಡ ಕೈ ಬೇರೆ.

ಇನ್ನು "ಬರೀ ದುಃಖ" ಅನ್ನೋದರ ಬಗ್ಗೆ. ಬುದ್ಧರು ಸಾರನಾಥದಲ್ಲಿ ತಮ್ಮ ಐದು ಜನ ಹಳೆಯ ಜೊತೆಗಾರರಿಗೆ ಮೊದಲು ಹೇಳಿದ್ದು ನಾಲ್ಕು ಸತ್ಯ. ದುಃಖ ಇದೆ. ಅದಕ್ಕೆ ಕಾರಣ ಇದೆ. ಅದು ನಿಲ್ಲುತ್ತದೆ. ನಿಲ್ಲಿಸುವ ದಾರಿ ಇದೆ. ಡಾಕ್ಟರು ರೋಗ ಹೇಳಿ, ಕಾರಣ ಹೇಳಿ, ವಾಸಿ ಆಗುತ್ತೆ ಅಂತ ಹೇಳಿ ಮಾತ್ರೆ ಬರೆದುಕೊಟ್ಟ ಹಾಗೆ. ನಮ್ಮ ಶಾಲೆ ಗೋಡೆಗಳಲ್ಲಿ ಎರಡನೆಯದನ್ನು ಬರೆದು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಾರೆ. ಮೂರನೆಯದು ಓದದೆ ಇದ್ದರೆ ಯಾರಿಗಾದರೂ ಇದು ಅಳುಮುಂಜಿ ಧರ್ಮ ಅನ್ನಿಸಿಯೇ ಅನ್ನಿಸುತ್ತದೆ. ಮಗಳ ನೋಟ್‌ಬುಕ್ಕಿನಲ್ಲಿ ಆ ಎರಡು ಗೆರೆಯ ಕೆಳಗೆ ಉಳಿದದ್ದನ್ನೂ ಬರೆಸಿ ಅಕ್ಕಾ.

ನಾಲ್ಕನೆಯದೇ ಎಂಟು ಭಾಗದ ದಾರಿ. ನೋಟ, ಸಂಕಲ್ಪ, ಮಾತು, ಕೆಲಸ, ದುಡಿಮೆ, ಪ್ರಯತ್ನ, ಎಚ್ಚರ, ಏಕಾಗ್ರತೆ, ಇಷ್ಟೂ ಸರಿಯಾಗಿರಬೇಕು ಅಂತ. ದುಡಿಮೆಯೂ ಅದರಲ್ಲಿದೆ ನೋಡಿ. ಆಯುಧ, ಮನುಷ್ಯರು, ಮಾಂಸ, ಹೆಂಡ, ವಿಷ ಇವುಗಳ ವ್ಯಾಪಾರ ಬೇಡ ಅಂದರು. ಸಂಸಾರಸ್ಥರು ಗಳಿಸುವುದೇ ಬೇಡ ಅಂತ ಎಲ್ಲೂ ಹೇಳಲಿಲ್ಲ. ಸಿಗಾಲ ಅನ್ನುವ ಹುಡುಗನಿಗೆ ಹೇಳಿದ ಮಾತಿನಲ್ಲಿ ಸಂಪಾದನೆಯನ್ನು ನಾಲ್ಕು ಪಾಲು ಮಾಡು, ಒಂದು ಪಾಲು ಅನುಭವಿಸು, ಎರಡು ಪಾಲು ಕಸುಬಿಗೆ ಹಾಕು, ಒಂದು ಪಾಲು ಕಷ್ಟಕಾಲಕ್ಕೆ ಎತ್ತಿಡು ಅನ್ನುತ್ತಾರೆ. ನಿಮ್ಮ ಬಾಡಿಗೆ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ನೀಲಿಬಾನು:

ಅರಳಿಮರ ಅಣ್ಣ ಹೇಳಿದ್ದು ಸರಿ, ಆದರೆ ಅರ್ಧ.

ನಮ್ಮ ತಾತನಿಗೆ ಅವರ ಊರಿನ ಬಾವಿಯಲ್ಲಿ ನೀರು ಸೇದಲು ಬಿಡುತ್ತಿರಲಿಲ್ಲ. ಕೊಡ ಇಟ್ಟುಕೊಂಡು ಯಾರಾದರೂ ಬಂದು ಹುಯ್ಯಲಿ ಅಂತ ಬಿಸಿಲಲ್ಲಿ ಕಾಯಬೇಕಿತ್ತು. ಅವರ ಬಾಯಾರಿಕೆಗೆ ಅವರ ಮನಸ್ಸಿನ ತಣ್ಹಾ ಕಾರಣ ಅಲ್ಲ. ಅವರನ್ನು ಕಾಯಿಸಿದವರು ಕಾರಣ. ಬೌದ್ಧ ಧರ್ಮ ಅಂದರೆ ಸುಮ್ನೆ ಕಣ್ಣು ಮುಚ್ಚಿ ಮನಸ್ಸು ಶಾಂತ ಮಾಡಿಕೊಳ್ಳೋದು ಅಂತ ಹೇಳಿದಾಗೆಲ್ಲ ನನಗೆ ಆ ಕೊಡ ನೆನಪಾಗುತ್ತದೆ.

ಬುದ್ಧ ಹೊರಗಿನ ದುಃಖವನ್ನು ನೋಡಲಿಲ್ಲ ಅಂತಲ್ಲ. ಒಂದು ಸುತ್ತದಲ್ಲಿ, ಅಂದರೆ ಒಂದು ಉಪದೇಶದಲ್ಲಿ, ಅವನು ಒಬ್ಬ ರಾಜನ ಕತೆ ಹೇಳುತ್ತಾನೆ. ರಾಜ್ಯದಲ್ಲಿ ಕಳ್ಳತನ ಜಾಸ್ತಿ ಆಗಿರುತ್ತದೆ. ಶಿಕ್ಷೆ ಕೊಟ್ಟರೆ ಇದು ನಿಲ್ಲೋದಿಲ್ಲ, ಬೇಸಾಯ ಮಾಡುವವರಿಗೆ ಬೀಜ ಕೊಡು, ವ್ಯಾಪಾರ ಮಾಡುವವರಿಗೆ ಬಂಡವಾಳ ಕೊಡು, ಕೆಲಸ ಮಾಡುವವರಿಗೆ ಸರಿಯಾದ ಸಂಬಳ ಕೊಡು ಅಂತ ಪುರೋಹಿತ ಆ ರಾಜನಿಗೆ ಹೇಳುತ್ತಾನೆ. ಹಾಗೆ ಮಾಡಿದ ಮೇಲೆ ಜನ ಬಾಗಿಲು ಹಾಕದೆ ಮಲಗುತ್ತಾರೆ.

ಇನ್ನೊಂದು ಸಂಗತಿ ನಿಮ್ಮ ಮಗಳಿಗೆ ಖಂಡಿತ ಹೇಳಿ ಅಕ್ಕಾ. ಶಾಕ್ಯರ ರಾಜಕುಮಾರರು ಭಿಕ್ಷುಗಳಾಗಲು ಬಂದಾಗ ಜೊತೆಯಲ್ಲಿ ಅವರ ಕ್ಷೌರಿಕ ಉಪಾಲಿಯೂ ಇದ್ದ. ಆ ಕುಮಾರರೇ ಬುದ್ಧನನ್ನು ಕೇಳಿಕೊಂಡರು, ಇವನಿಗೆ ಮೊದಲು ದೀಕ್ಷೆ ಕೊಡಿ, ಆಗ ನಾವು ಇವನಿಗೆ ಕೈ ಮುಗಿಯಬೇಕಾಗುತ್ತದೆ, ನಮ್ಮ ಜಂಬ ಇಳಿಯುತ್ತದೆ ಅಂತ. ಸಂಘದಲ್ಲಿ ಹಿರಿಯ ಅಂದರೆ ಮೊದಲು ಸೇರಿದವನು, ಜಾತಿಯಲ್ಲಿ ದೊಡ್ಡವನಲ್ಲ. ಬುದ್ಧ ತೀರಿಕೊಂಡ ಮೇಲೆ ರಾಜಗೃಹದಲ್ಲಿ ಎಲ್ಲರೂ ಸೇರಿದಾಗ ಸಂಘದ ನಿಯಮಗಳನ್ನು ಒಪ್ಪಿಸಿದವನು ಅದೇ ಉಪಾಲಿ. ಹುಟ್ಟಿನಿಂದ ಯಾರೂ ಹೊಲೆಯನಲ್ಲ, ಹುಟ್ಟಿನಿಂದ ಯಾರೂ ಬ್ರಾಹ್ಮಣನಲ್ಲ, ಮಾಡುವ ಕೆಲಸದಿಂದ ಆಗುತ್ತಾರೆ ಅನ್ನೋದು ಬುದ್ಧನದೇ ಮಾತು.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಈ ಧಮ್ಮಕ್ಕೆ ಬಂದದ್ದು ಇದಕ್ಕೇ. ನಮ್ಮ ತಾಯಿ ಕಡೆಯವರು ಕೋಲಾರದ ಚಿನ್ನದ ಗಣಿಯವರು. ಅಲ್ಲಿ ಮಾರಿಕುಪ್ಪಂನಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲೇ ತಮಿಳು ಚಿಂತಕ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಇತ್ತು. ಗಣಿಯ ಕೆಲಸ ಮುಗಿಸಿ ಬಂದ ಜನ ಬುದ್ಧನ ಬಗ್ಗೆ ಓದುತ್ತಿದ್ದರು, ಚರ್ಚೆ ಮಾಡುತ್ತಿದ್ದರು. ಬುದ್ಧ ನಮಗೆ ಶೋಕೇಸಿನಲ್ಲಿ ಇಡುವ ಗೊಂಬೆ ಅಲ್ಲ. ನೆಟ್ಟಗೆ ನಿಲ್ಲಲು ಕಲಿಸಿದವನು.

ಮನೆಯಲ್ಲಿ ಈಗಲೂ ಪ್ರತಿ ಭಾನುವಾರ ಪಂಚಶೀಲ ಹೇಳುತ್ತೇವೆ. ಜೀವ ತೆಗೆಯುವುದಿಲ್ಲ, ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ, ಕಾಮದಲ್ಲಿ ಕೆಟ್ಟದಾಗಿ ನಡೆಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಮೈಮರೆಸುವ ಹೆಂಡ ಮುಟ್ಟುವುದಿಲ್ಲ. ದೇವರ ಅಪ್ಪಣೆ ಅಂತ ಅಲ್ಲ. ಪಾಲಿಯಲ್ಲಿ ಅದರ ಅರ್ಥ, ಇದನ್ನು ಬಿಡುವ ಅಭ್ಯಾಸವನ್ನು ನಾನೇ ಕೈಗೆ ತೆಗೆದುಕೊಳ್ಳುತ್ತೇನೆ ಅಂತ. ನಮ್ಮಪ್ಪ ಕುಡಿಯೋದು ಬಿಟ್ಟದ್ದು ಈ ಐದನೆಯದರಿಂದ. ನಿಮ್ಮ ಮಗಳು ಡಾಕ್ಟರ್ ಆಗಲಿ, ಆಗಲೇಬೇಕು. ನಮ್ಮ ಮಕ್ಕಳಿಗೆ ಆಸೆ ಬಿಡಿ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ.

ಅರಳಿಮರ:

ನೀಲಿಬಾನು ಅವರೇ, ಒಪ್ಪಿದೆ. ಬಾವಿಯ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನಾನು ಒಳಗಿನದನ್ನು ಮಾತ್ರ ಹೇಳಿದ್ದೆ.

ಹೊಲಿಗೆಮನೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಲಾ? ಇದು ಮಗಳದ್ದಲ್ಲ, ನನ್ನದು. ನಮ್ಮಮ್ಮ ಹೋಗಿ ಒಂದು ವರ್ಷ ಆಯಿತು. ಬುದ್ಧ ದೇವರಿಲ್ಲ, ಆತ್ಮ ಇಲ್ಲ ಅಂದ ಅಂತ ಎಲ್ಲೋ ಓದಿದೆ. ಹಾಗಾದರೆ ಅಮ್ಮ ಎಲ್ಲಿ? ವರ್ಷದ ಕಾರ್ಯದಲ್ಲಿ ಎಡೆ ಇಟ್ಟಾಗ ನಾನು ಯಾರಿಗೆ ಇಟ್ಟೆ? ದಯವಿಟ್ಟು ವಾದ ಮಾಡಲು ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ.

ಹಳೇಮೇಷ್ಟ್ರು:

ತಾಯಿ, ನಾನು ಬನಶಂಕರಿ ಕಡೆಯವನು, ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟಿದ್ದೇನೆ. "ಆಸೆಯೇ ದುಃಖಕ್ಕೆ ಮೂಲ" ಅಂತ ನಾನೂ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗಿದ್ದೇನೆ. ಈ ಮಾತುಕತೆ ಓದಿ ಆ ಮಕ್ಕಳನ್ನೆಲ್ಲ ಮತ್ತೆ ಕೂರಿಸಿ ಹೇಳಬೇಕು ಅನ್ನಿಸಿತು.

ಆತ್ಮದ ವಿಷಯ. ಬುದ್ಧ "ಅನತ್ತ" ಅಂದ. ನನ್ನದು ಅಂತ ಹಿಡಿದುಕೊಳ್ಳುವ, ಎಂದೂ ಬದಲಾಗದ ಗಟ್ಟಿ ತಿರುಳು ಒಳಗೆ ಸಿಗುವುದಿಲ್ಲ ಅಂತ ಇದರ ಅರ್ಥ. ನಾಗಸೇನ ಅನ್ನುವ ಭಿಕ್ಷು ಗ್ರೀಕ್ ಮೂಲದ ರಾಜ ಮಿಲಿಂದನಿಗೆ ರಥದ ಉದಾಹರಣೆ ಕೊಟ್ಟ. ನೀನು ಬಂದ ರಥ ಯಾವುದು, ಗಾಲಿಯಾ, ಅಚ್ಚಾ, ನೊಗವಾ? ನಾನು ಕ್ಲಾಸಿನಲ್ಲಿ ನನ್ನ ಸೈಕಲ್ಲನ್ನೇ ಒಳಗೆ ತಂದು ನಿಲ್ಲಿಸಿ ಕೇಳುತ್ತಿದ್ದೆ. ಹ್ಯಾಂಡಲ್ ಸೈಕಲ್ಲಾ? ಚೈನು ಸೈಕಲ್ಲಾ? ಮಕ್ಕಳು ಇಲ್ಲ ಇಲ್ಲ ಅಂತ ಕೂಗುತ್ತಿದ್ದರು. ಹಾಗಾದರೆ ಸೈಕಲ್ ಇಲ್ಲವಾ? ಇದೆ, ನಾನು ಅದರ ಮೇಲೆಯೇ ಸ್ಕೂಲಿಗೆ ಬಂದೆನಲ್ಲ. ಸೇರಿಕೊಂಡಾಗ ಇರುತ್ತದೆ. ಬೇರೆ ಒಂದು ಸೈಕಲ್ ಅದರೊಳಗೆ ಕೂತಿರುವುದಿಲ್ಲ. ಮರುಹುಟ್ಟಿನ ಬಗ್ಗೆ ಅದೇ ನಾಗಸೇನ ಹೇಳಿದ್ದು ದೀಪದಿಂದ ದೀಪ ಹಚ್ಚುವ ಮಾತು. ಈ ದೀಪದಿಂದ ಆ ದೀಪಕ್ಕೆ ಯಾವ ವಸ್ತುವೂ ಎದ್ದು ಹೋಗುವುದಿಲ್ಲ. ಆದರೂ ಇದಿಲ್ಲದೆ ಅದು ಹತ್ತುತ್ತಿರಲಿಲ್ಲ.

ಲೋಕ ಕೊನೆಯಿಲ್ಲದ್ದಾ, ಸತ್ತ ಮೇಲೆ ಬುದ್ಧ ಇರುತ್ತಾನಾ ಅಂತ ಮಾಲುಂಕ್ಯಪುತ್ತ ಅನ್ನುವ ಭಿಕ್ಷು ಪಟ್ಟು ಹಿಡಿದಾಗ ಬುದ್ಧ ಉತ್ತರ ಕೊಡಲಿಲ್ಲ. ವಿಷದ ಬಾಣ ನೆಟ್ಟವನು ಹೊಡೆದವನ ಊರು, ಕುಲ, ಬಿಲ್ಲಿನ ಮರ ಯಾವುದು ಅಂತ ಗೊತ್ತಾಗುವವರೆಗೂ ಬಾಣ ಕೀಳಬೇಡಿ ಅಂದರೆ ಏನಾಗುತ್ತದೆ ಅಂತ ಕೇಳಿದ. ಮೊದಲು ಬಾಣ ಕೀಳಬೇಕು. ಲೋಕವನ್ನು ಮಾಡಿ ನಡೆಸುವ ಒಬ್ಬ ದೇವರ ಮೇಲೆ ಅವನು ತನ್ನ ದಾರಿಯನ್ನು ಕಟ್ಟಲಿಲ್ಲ, ಅದು ನಿಜ. ಆದರೆ ನಿಮ್ಮ ಎಡೆ ವ್ಯರ್ಥ ಅಂತ ನಾನು ಹೇಳಲಾರೆ. ತೀರಿಕೊಂಡ ಬಂಧುಗಳ ಹೆಸರಿನಲ್ಲಿ ದಾನ ಕೊಡುವುದು ಬೌದ್ಧರಲ್ಲೂ ಇದೆ. ನಿಮ್ಮಮ್ಮ ಕಲಿಸಿದ ಹೊಲಿಗೆ ನಿಮ್ಮ ಕೈಯಲ್ಲಿ ಇದ್ದರೆ ದೀಪದ ಮಾತು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಸಾಸಿವೆ ಕತೆ ನಿಮಗೆ ಗೊತ್ತೇ ಇದೆ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದದ್ದು. ನಾವು ಪಾಠ ಮಾಡುವಾಗ ಒಂದನ್ನು ಮರೆಯುತ್ತೇವೆ. ಕಿಸಾಗೋತಮಿಯನ್ನು ಬುದ್ಧ ಒಂಟಿಯಾಗಿ ಕೂರಿಸಿ ಉಪದೇಶ ಮಾಡಲಿಲ್ಲ. ಮನೆ ಮನೆಗೆ ಕಳಿಸಿದ. ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ನಮ್ಮ ಮನೆಯಲ್ಲೂ ಹೋದರಮ್ಮಾ ಅಂದರು.

ಇನ್ನು ಇದು ಎಲ್ಲೋ ಬಿಹಾರದ ಧರ್ಮ ಅಂದುಕೊಳ್ಳಬೇಡಿ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಸುತ್ತ ಬಂಡೆಗುಡ್ಡ, ಒಂದು ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರ. ಅದರಲ್ಲಿ ನಿರ್ವಾಣದ ದೊಡ್ಡ ಮಾತೇನೂ ಇಲ್ಲ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಅಂತ ಇದೆ. ಕೊನೆಯಲ್ಲಿ ಬರೆದವನ ಹೆಸರು, ಚಪಡ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ನೆಲದಲ್ಲಿ ಧಮ್ಮ ಅಂದರೆ ಇಷ್ಟು ಸರಳವಾಗಿ ಕಲ್ಲಿನ ಮೇಲೆ ಬಂತು.

ಪೀಣ್ಯಶಿಫ್ಟ್:

ನನಗೆ ಪಾಲಿ ಗೀಲಿ ಗೊತ್ತಿಲ್ಲ. ಅನುಭವ ಹೇಳುತ್ತೇನೆ.

ನಾನು ಸಿಎನ್‌ಸಿ ಮೆಷಿನ್ ಆಪರೇಟರ್. ಎರಡು ವರ್ಷದ ಹಿಂದೆ ನಾನಿದ್ದ ಫ್ಯಾಕ್ಟರಿಯಲ್ಲಿ ಹದಿನೆಂಟು ಜನರನ್ನು ಒಂದೇ ದಿನ ಮನೆಗೆ ಕಳಿಸಿದರು. ಕೆಲಸ ಹೋಯಿತು, ಅದು ಒಂದು ನೋವು. ಆಮೇಲೆ ನಾಲ್ಕು ತಿಂಗಳು ನಾನು ಮಾಡಿದ್ದು ಏನು ಗೊತ್ತಾ? ರಾತ್ರಿ ಎರಡು ಗಂಟೆಗೆ ಎದ್ದು ಕೂತು ನನ್ನನ್ನೇ ಯಾಕೆ ತೆಗೆದರು, ಸೂಪರ್‌ವೈಸರ್ ಆವತ್ತು ಹಾಗೆ ಯಾಕೆ ನೋಡಿದ, ಮಾವನ ಮನೆಯವರು ಏನಂದುಕೊಂಡರು ಅಂತ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ್ದು. ಹೆಂಡತಿ ಮೇಲೆ ರೇಗಿದ್ದು. ಒಬ್ಬ ಗೆಳೆಯ ತುಮಕೂರು ರಸ್ತೆ ಕಡೆ ಇರುವ ವಿಪಶ್ಯನ ಧ್ಯಾನ ಶಿಬಿರಕ್ಕೆ ಕಳಿಸಿದ. ಹತ್ತು ದಿನ. ಫೀಸಿಲ್ಲ, ಹಿಂದೆ ಕಲಿತವರು ಕೊಟ್ಟ ದಾನದಲ್ಲಿ ನಡೆಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಫೋನಿಲ್ಲ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ಬರೋದು ಹೋಗೋದು ಗಮನಿಸೋದು, ಅಷ್ಟೇ ಕೆಲಸ.

ಐದನೇ ದಿನ ಮಂಡಿ ನೋವು ತಡೆಯಲಾರದಷ್ಟು ಆಯಿತು. ನೋಡುತ್ತಾ ಕೂತೆ. ನೋವು ಒಂದೇ ಸಮ ಇರಲಿಲ್ಲ, ಹೊಡೆದುಕೊಳ್ಳುತ್ತಿತ್ತು, ಇಳಿಯುತ್ತಿತ್ತು, ಜಾಗ ಬದಲಾಯಿಸುತ್ತಿತ್ತು. "ಅಯ್ಯೋ ಇದು ಯಾವಾಗ ಹೋಗುತ್ತೆ" ಅನ್ನುವುದು ಮಾತ್ರ ಮಂಡಿಯಲ್ಲಿ ಇರಲಿಲ್ಲ, ನನ್ನಲ್ಲಿತ್ತು. ಆಮೇಲೆ ಓದಿದೆ, ಬುದ್ಧ ಇದನ್ನೇ ಎರಡು ಬಾಣ ಅಂದಿದ್ದಾನೆ. ಮೊದಲನೆಯದು ಮೈಗೆ ತಾಗುತ್ತದೆ, ಎಲ್ಲರಿಗೂ ತಾಗುತ್ತದೆ. ಅದರ ಮೇಲೆ ಗೋಳಾಡುವುದು ಎರಡನೆಯದು. ಕೆಲಸ ತೆಗೆದವರು ಮಾಡಿದ್ದು ಸರಿ ಅಂತ ನಾನು ಒಪ್ಪೋದಿಲ್ಲ, ನೀಲಿಬಾನು ಹೇಳಿದ ಹಾಗೆ ಅದು ಹೊರಗಿನ ದುಃಖ, ಅದಕ್ಕೆ ಹದಿನೆಂಟು ಜನವೂ ಸೇರಿ ಲೇಬರ್ ಆಫೀಸಿಗೆ ಅರ್ಜಿ ಹಾಕಿದ್ದೇವೆ. ಆದರೆ ರಾತ್ರಿ ಎರಡು ಗಂಟೆಯ ಬಾಣ ನಾನೇ ಬಿಟ್ಟುಕೊಂಡದ್ದು. ಈಗ ಬೇರೆ ಕಡೆ ಕೆಲಸ ಸಿಕ್ಕಿದೆ, ಸಂಬಳ ಕಡಿಮೆ, ನಿದ್ದೆ ಬರುತ್ತದೆ.

ಒಂದು ಮಾತು. ಅಲ್ಲಿಂದ ಬಂದ ಹೊಸತರಲ್ಲಿ ನಾನು ದಿನಾ ಎರಡು ಗಂಟೆ ಕೂರುತ್ತೇನೆ ಅಂತ ಹಟ ಹಿಡಿದು ಮನೆಯವರಿಗೆಲ್ಲ ಕಷ್ಟ ಕೊಟ್ಟೆ. ಆಗ ಯಾರೋ ಸೋಣ ಭಿಕ್ಷುವಿನ ಕತೆ ಹೇಳಿದರು. ನಡೆಯುತ್ತಾ ಧ್ಯಾನ ಮಾಡಿ ಮಾಡಿ ಪಾದ ಒಡೆದು ರಕ್ತ ಬಂದು, ಇದೆಲ್ಲ ಬಿಟ್ಟು ಮನೆಗೆ ಹೋಗಿಬಿಡೋಣ ಅಂದುಕೊಂಡವನು. ಅವನು ಮೊದಲು ವೀಣೆ ನುಡಿಸುತ್ತಿದ್ದ. ತಂತಿ ಜಾಸ್ತಿ ಬಿಗಿ ಮಾಡಿದರೆ ನುಡಿಯುತ್ತಿತ್ತಾ, ಸಡಿಲ ಬಿಟ್ಟರೆ ನುಡಿಯುತ್ತಿತ್ತಾ ಅಂತ ಬುದ್ಧ ಕೇಳಿದನಂತೆ. ನಾನೀಗ ಶಿಫ್ಟಿಗೆ ಮೊದಲು ಇಪ್ಪತ್ತು ನಿಮಿಷ ಕೂರುತ್ತೇನೆ.

ಹೊಲಿಗೆಮನೆ:

ನಿನ್ನೆ ರಾತ್ರಿ ಮಗಳಿಗೆ ಎಲ್ಲ ಓದಿ ಹೇಳಿದೆ. ಛಂದ, ತಣ್ಹಾ ಅಂದಾಗ ಮುಖ ನೋಡಿದಳು. ವೀಣೆಯ ಮಾತು ಬಂದಾಗ ನನಗೆ ಒಂದು ಹೊಳೆಯಿತು. ಮೆಷಿನ್ ಹತ್ತಿರ ಕರೆದುಕೊಂಡು ಹೋಗಿ ಒಂದು ಚೂರು ಲೈನಿಂಗ್ ಬಟ್ಟೆ ಇಟ್ಟು ಟೆನ್ಶನ್ ತಿರುಪನ್ನು ಪೂರ್ತಿ ಬಿಗಿ ಮಾಡಿ ಹೊಲಿದು ತೋರಿಸಿದೆ. ಬಟ್ಟೆ ಸುರುಗಿಕೊಂಡು ನೂಲು ಪಟ್ ಅಂತ ಹರಿಯಿತು. ಆಮೇಲೆ ಸಡಿಲ ಬಿಟ್ಟು ಹೊಲಿದೆ. ಕೆಳಗೆ ನೂಲು ಗಂಟು ಗಂಟಾಗಿ ಜೋತುಬಿತ್ತು, ಎಳೆದರೆ ಹೊಲಿಗೆಯೇ ಬಿಚ್ಚಿಕೊಂಡಿತು. ನೂಲೇ ಬೇಡ ಅಂದರೆ ಹೊಲಿಗೆಯೇ ಇಲ್ಲ ಅಂದೆ. ಅವಳು ತಿರುಪನ್ನು ತಾನೇ ತಿರುಗಿಸಿ, ಮೂರು ಸಲ ಹೊಲಿದು ನೋಡಿ, ನಾಲ್ಕನೇ ಸಲ ಸರಿ ಮಾಡಿದಳು. ಆಮೇಲೆ ನೋಟ್‌ಬುಕ್ ತಂದು ಮೂರನೆಯದು, ನಾಲ್ಕನೆಯದು ಏನು ಅಂತ ಕೇಳಿ ಬರೆದುಕೊಂಡಳು.

ಮೇಷ್ಟ್ರೇ, ಟೆನ್ಶನ್ ನೋಡಲು ಬೆರಳಿನಲ್ಲಿ ನೂಲು ಹೀಗೆ ಎಳೆಯಬೇಕು ಅಂತ ನನಗೆ ಕಲಿಸಿದ್ದು ನಮ್ಮಮ್ಮನೇ. ನೀವು ಹೇಗೆ ಅದನ್ನು ಬರೆದಿರೋ.

ಅರಳಿಮರ ಅಣ್ಣಾ, ಗಾಂಧಿನಗರದಲ್ಲಿ ಒಂದು ಬುದ್ಧ ವಿಹಾರ ಇದೆಯಲ್ಲ, ಅಲ್ಲಿಗೆ ನಮ್ಮಂಥವರು ಹೋಗಬಹುದಾ? ಏನಾದರೂ ತೆಗೆದುಕೊಂಡು ಹೋಗಬೇಕಾ?

ಅರಳಿಮರ:

ಯಾರು ಬೇಕಾದರೂ ಹೋಗಬಹುದು ಅಕ್ಕಾ. ಮಹಾಬೋಧಿ ಸೊಸೈಟಿ, ಕಾಳಿದಾಸ ರಸ್ತೆ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಶುರು ಮಾಡಿದ್ದು. ಮೆಜೆಸ್ಟಿಕ್‌ನಿಂದ ನಡೆದುಕೊಂಡೇ ಹೋಗಬಹುದು. ಗೇಟಿನ ಹೊರಗೆ ಹಾರ್ನ್ ಸದ್ದು, ಒಳಗೆ ಹೋದರೆ ಬೋಧಿವೃಕ್ಷ, ಎಲೆ ಅಲ್ಲಾಡುವುದು ಕೇಳಿಸುತ್ತದೆ. ಏನೂ ತರಬೇಕಾಗಿಲ್ಲ, ಬೇಕಾದರೆ ನಾಲ್ಕು ಹೂವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಸುಮ್ನೆ ಕೂತುಕೊಳ್ಳಿ. ಸಂಜೆ ಬಂದರೆ ಭಿಕ್ಷುಗಳಲ್ಲಿ ಯಾರಾದರೂ ಮಾತಿಗೆ ಸಿಗುತ್ತಾರೆ, ಮಗಳು ತನ್ನ ಪ್ರಶ್ನೆಯನ್ನು ಅವರಿಗೇ ಕೇಳಲಿ. ಈ ಭಾನುವಾರ ನಾನೂ ಇರುತ್ತೇನೆ, ನೀಲಿಬಾನು ಅವರೂ ಬನ್ನಿ.

ನೀಲಿಬಾನು:

ಬರುತ್ತೇನೆ. ಅಮ್ಮನನ್ನೂ ಕರೆತರುತ್ತೇನೆ.